ಗೌರವಾನ್ವಿತ ಗ್ರಾಹಕನ ಕೊರಳು

ಬಹಳ ಹಿಂದೆ, ಬ್ಯಾಂಕಿನಲ್ಲಿಟ್ಟ ಹಣ ಇಟ್ಟವರದೇ ಎಂಬ ಮೂಢನಂಬಿಕೆ ಜನರಲ್ಲಿ ಇನ್ನೂ ಉಳಿದಿದ್ದ ಕಾಲದಲ್ಲಿ, ತಥಾಸ್ತುಪುರವೆಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದವನು ಪ್ರಸನ್ನಚಂಡ ಮಹಾರಾಜ. ಆತನಿಗೆ ಶತ್ರುಗಳಿರಲಿಲ್ಲ, ಇದ್ದವರಿಗೆಲ್ಲ ಶಾಲು ಹೊದಿಸಿಯಾಗಿತ್ತು.

ಒಂದು ದಿನ ರಾಜಭಂಡಾರ ಬ್ಯಾಂಕಿನ ವಾರ್ಷಿಕ ವರದಿ ಕೇಳುತ್ತ ತೂಕಡಿಸುತ್ತಿದ್ದ ಮಹಾರಾಜ ತಟ್ಟನೆ ಕಣ್ತೆರೆದು, “ನಮ್ಮ ಗೌರವಾನ್ವಿತ ಗ್ರಾಹಕರಿಗೆ ಉಡುಗೊರೆ ಕೊಡತಕ್ಕದ್ದು” ಎಂದ. ಗೌರವಾನ್ವಿತರು ಯಾರೆಂಬ ಪ್ರಶ್ನೆ ಎದ್ದಿತು. ಅರ್ಥಮಂತ್ರಿ ಮೃದುಹಾಸ ಕೈಮುಗಿದು ನಿವೇದಿಸಿದ: “ಪ್ರಭು, ಠೇವಣಿ ಇಟ್ಟವರು ಬೆಳಗಾದರೆ ಬಂದು ‘ನಮ್ಮ ದುಡ್ಡು ಕೊಡಿ’ ಎಂದು ಪೀಡಿಸುತ್ತಾರೆ. ದೊಡ್ಡ ಸಾಲ ಒಯ್ದವರಾದರೋ ಹದಿನೈದು ವರ್ಷಗಳಿಂದ ನಮ್ಮ ಹೊಸ್ತಿಲು ತುಳಿದು ತೊಂದರೆ ಕೊಟ್ಟವರಲ್ಲ. ಇಂಥ ಸಭ್ಯರನ್ನು ಗೌರವಿಸದೆ ಇನ್ಯಾರನ್ನು ಗೌರವಿಸೋಣ?”

“ಆಹಾ, ಇದಲ್ಲವೇ ಗ್ರಾಹಕಸ್ನೇಹಿ ಚಿಂತನೆ!” ಎಂದಿತು ಆಸ್ಥಾನ.

ಬೆಳ್ಳಿ ತಟ್ಟೆ, ರೇಷ್ಮೆ ಪೇಟ, ಗೋಡಂಬಿ ದ್ರಾಕ್ಷಿಯ ಡಬ್ಬಿಗಳ ಖರೀದಿಗೆ ಬ್ಯಾಂಕಿನ ನಗದೆಲ್ಲ ಹೋಯಿತು. ಏಳು ಕೌಂಟರುಗಳಲ್ಲಿ ಆರನ್ನು ಉಡುಗೊರೆ ಪ್ಯಾಕಿಂಗಿಗೆ ಬಿಟ್ಟುಕೊಡಲಾಯಿತು. ಏಳನೆಯದರ ಮುಂದೆ ‘ಸರ್ವರ್ ಡೌನ್’ ಎಂದು ಶಿಲಾಶಾಸನ ಕೆತ್ತಿಸಿ ನಿಲ್ಲಿಸಲಾಯಿತು.

ಆ ಶಾಸನದೆದುರು ನಾಲ್ಕು ದಿನ ಕಾದ ಓಬಕ್ಕ ಐದನೆಯ ದಿನ ನೇರ ತಿಪ್ಪೇರುದ್ರನ ಬಳಿ ಬಂದಳು. ತಿಪ್ಪೇರುದ್ರ ರಾಜ್ಯದ ಬೆಂಕಿಯಂಥ ಬರಹಗಾರ. ಕ್ಷೌರದಂಗಡಿಯ ಮೇಲಿನ ಕೋಣೆಯಲ್ಲಿ ಸೇರುವ ಓದುಗರ ಬಳಗದಲ್ಲಿ ಪಳಗಿದವ. ಸಿಂಹಾಸನಕ್ಕೆ ಗೆದ್ದಲು ಹಿಡಿದಿದೆ ಎಂದು ಅವನು ಬರೆದ ಕರಪತ್ರಕ್ಕೆ ಅರಮನೆಯೇ ಬಹುಮಾನ ಕೊಟ್ಟಿತ್ತು. ಅವನು ಅದನ್ನು ತೀವ್ರವಾಗಿ ಪ್ರತಿಭಟಿಸುತ್ತಲೇ ಸ್ವೀಕರಿಸಿದ್ದ. ಓಬಕ್ಕ ಅದೇ ಕ್ಷೌರದಂಗಡಿಯ ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವವಳು. ಬಳಗದ ಕ್ರಾಂತಿಗಳೆಲ್ಲ ನಡೆಯುತ್ತಿದ್ದದ್ದು ಅವಳ ಬಜ್ಜಿಯ ಬಲದ ಮೇಲೆ.

“ರುದ್ರಣ್ಣ, ಶುಕ್ರವಾರದೊಳಗೆ ಜಾಗದ ಬಾಡಿಗೆ ಕಟ್ಟದಿದ್ರೆ ನನ್ನ ಅಂಗಡಿ ಹರಾಜು ಹಾಕ್ತಾರಂತೆ. ನಂದೇ ದುಡ್ಡು ಬ್ಯಾಂಕ್‌ನಾಗೈತೆ, ಕೊಡಂಗಿಲ್ಲ ಅಂತಾರೆ.”

“ಇದು ವ್ಯವಸ್ಥೆಯ ಕ್ರೌರ್ಯ, ಓಬಕ್ಕ. ಚಾರಿತ್ರಿಕವಾಗಿ ನೋಡಿದರೆ ಬಂಡವಾಳ ಅನ್ನೋದು…”

“ಅದೇನಾರ ಆಗ್ಲಿ. ನೀನು ರಾಜನ ಮುಂದೆ ಹೇಳ್ತೀಯೋ ಇಲ್ವೋ?”

“ಹೇಳೋದೇನು, ಗುಡುಗ್ತೀನಿ!”

“ಗುಡುಗಬ್ಯಾಡ ಮಾರಾಯ, ಒಂದು ಮನವಿ ಬರ್ದು ಓದು ಸಾಕು.”

ತಥಾಸ್ತುಪುರದಲ್ಲಿ ಒಂದು ಹಳೆಯ ಕಟ್ಟಳೆಯಿತ್ತು: ರಾಜನೆದುರು ಓದಿದ ಮನವಿಗೆ ಅಲ್ಲೇ ಪರಿಹಾರ ಕೊಡಬೇಕು. ಅದಕ್ಕೊಂದು ತಿದ್ದುಪಡಿಯೂ ಇತ್ತು: ಕೊರಳಿಗೆ ಅರಮನೆಯ ಹಾರ ಬಿದ್ದವನು ಆ ದಿನ ದೂರು ಹೇಳುವಂತಿಲ್ಲ. ತಿಪ್ಪೇರುದ್ರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆ ತಿದ್ದುಪಡಿಯ ವಿರುದ್ಧ ಮೂರು ಲೇಖನ ಬರೆದವನೇ ಅವನು.

ಓಬಕ್ಕ ಓಣಿ ಓಣಿ ಸುತ್ತಿ ಮನವಿಗೆ ಮುನ್ನೂರು ಠೇವಣಿದಾರರ ಹೆಬ್ಬೆಟ್ಟು ಒತ್ತಿಸಿ ತಂದಳು. “ಹೋರಾಟಕ್ಕೆ ದಾಖಲೆ ಪಕ್ಕಾ ಇರಬೇಕು” ಎಂದು ತಿಪ್ಪೇರುದ್ರ ಪ್ರತಿ ಹೆಬ್ಬೆಟ್ಟಿನ ಪಕ್ಕ ಹೆಸರು, ಖಾತೆ ಸಂಖ್ಯೆಯನ್ನು ತಾನೇ ಕೂತು ಬರೆದ.

ಗುರುವಾರ ಸಮಾರಂಭ. ಮಹಾಸಾಲಿಗರು ಒಬ್ಬೊಬ್ಬರಾಗಿ ಬೆಳ್ಳಿ ತಟ್ಟೆ ಪಡೆದು, ಈ ಗೌರವದಿಂದ ತಮ್ಮ ಜವಾಬ್ದಾರಿ ಹೆಚ್ಚಿದೆಯೆಂದೂ ಇನ್ನಷ್ಟು ಸಾಲ ಮಾಡುವುದಾಗಿಯೂ ಗದ್ಗದಿತರಾದರು. ಆಗ ಜನರ ನಡುವಿನಿಂದ ತಿಪ್ಪೇರುದ್ರ ಮನವಿ ಹಿಡಿದು ಎದ್ದ. ಎದೆ ಉಬ್ಬಿತ್ತು. ಪಕ್ಕದಲ್ಲಿ ಓಬಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

“ಅಗೋ, ನಮ್ಮ ನಿಷ್ಠುರ ಸಾಹಿತಿಗಳು!” ಎಂದ ಮೃದುಹಾಸ ಮೈಕಿನಲ್ಲಿ. “ಇವರ ಖಾತೆಯಲ್ಲಿರುವುದು ಹನ್ನೊಂದೇ ವರಹ. ಆದರೆ ಇವರ ಫೀಡ್‌ಬ್ಯಾಕ್ ಅಮೂಲ್ಯ. ದಯಮಾಡಿ ವೇದಿಕೆಗೆ ಚಿತ್ತೈಸಬೇಕು.”

ಮೈಕಿಗೆ ಹತ್ತಿರವಾಗಲಿಕ್ಕಷ್ಟೇ ಎಂದು ತನಗೆ ತಾನೇ ಹೇಳಿಕೊಂಡು ತಿಪ್ಪೇರುದ್ರ ಮೆಟ್ಟಿಲು ಹತ್ತಿದ. ಹಾರ ಬಂತು, ಜೊತೆಗೆ ಶಾಲು, ಪೇಟ. ಕೈ ಅಡ್ಡ ಹಿಡಿಯಬೇಕೆಂದೇ ಅವನ ಸಂಕಲ್ಪವಿತ್ತು. ಆದರೆ ಆ ಕೊರಳಿಗೆ ಇಪ್ಪತ್ತು ವರ್ಷಗಳ ಸನ್ಮಾನದ ತಾಲೀಮಿತ್ತು. ಸುಗಂಧರಾಜದ ವಾಸನೆ ಬಡಿದದ್ದೇ ತಡ, ಅದು ಯಜಮಾನನನ್ನು ಒಂದು ಮಾತೂ ಕೇಳದೆ ಬಾಗಿತು. ತುಟಿ ಫೋಟೊಗೆ ಬೇಕಾದಷ್ಟೇ ಅಗಲವಾಯಿತು. ಕೈ ಶಾಲಿನ ಅಂಚು ಸರಿಮಾಡಿಕೊಂಡಿತು.

ಎಚ್ಚೆತ್ತು ಬಾಯಿ ತೆರೆದರೆ ದ್ವಾರಪಾಲಕ ಪಿಸುಗುಟ್ಟಿದ: “ಹಾರ ಐತೆ ಸಾರ್.”

“ತೆಗೆದರೆ? ರಾಜದ್ರೋಹವೇ?”

“ಅಯ್ಯೋ, ಅಷ್ಟೆಲ್ಲ ಇಲ್ಲ ಸಾರ್. ನೋಡಕ್ಕೆ ಚೆನ್ನಾಗಿರಲ್ಲ, ಅಷ್ಟೇಯ.”

ಸೆರೆಮನೆಗೆ ತಿಪ್ಪೇರುದ್ರ ಎಂದೋ ಸಿದ್ಧನಾಗಿದ್ದ. ತುಂಬಿದ ಸಭೆಯಲ್ಲಿ ಚೆನ್ನಾಗಿ ಕಾಣಿಸದಿರುವುದಕ್ಕೆ ಮಾತ್ರ ಅವನು ಓದಿದ ಯಾವ ಪುಸ್ತಕವೂ ಅವನನ್ನು ಸಿದ್ಧಗೊಳಿಸಿರಲಿಲ್ಲ.

“ರುದ್ರಣ್ಣಾ, ಓದೋ!” ಎಂದು ಕೆಳಗಿನಿಂದ ಓಬಕ್ಕ ಕೂಗಿದಳು. ಅವನು ಅವಳ ಕಡೆ ತಿರುಗಿ ಕೈಮುಗಿದ. ಅಭಿಮಾನಿಯೊಬ್ಬಳ ಕೂಗಿಗೆ ಸಾಹಿತಿಯ ವಿನಯವೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಮೃದುಹಾಸ ಅವನ ಬೆರಳುಗಳ ನಡುವಿನಿಂದ ಮನವಿಯನ್ನು ಮೆಲ್ಲಗೆ ಬಿಡಿಸಿಕೊಂಡ.

ಒಂದೂ ದೂರು ಬಾರದ್ದನ್ನು ಕಂಡು ಮಹಾರಾಜ ಸಂತುಷ್ಟನಾದ. ಉಡುಗೊರೆ ಹಬ್ಬ ಇನ್ನು ಪ್ರತಿ ತಿಂಗಳೂ ನಡೆಯತಕ್ಕದ್ದೆಂದು ಅಪ್ಪಣೆಯಾಯಿತು. ಮೃದುಹಾಸನಿಗೆ ‘ಗ್ರಾಹಕ ಕಲ್ಪತರು’ ಬಿರುದಿನೊಡನೆ ಚಿನ್ನದ ಕಿರೀಟ ತೊಡಿಸಲಾಯಿತು.

ಶುಕ್ರವಾರ ಓಬಕ್ಕನ ಅಂಗಡಿ ಹರಾಜಾಯಿತು. ಕೂಗಿ ಕೊಂಡವನು ಮಹಾಸಾಲಿಗರಲ್ಲೊಬ್ಬ, ದುಡ್ಡು ಬ್ಯಾಂಕಿನದು. ಅವಳು ಬಾಣಲೆಯ ಎಣ್ಣೆಯನ್ನು ಡಬ್ಬಿಗೆ ಬಗ್ಗಿಸಿಕೊಳ್ಳುತ್ತಿದ್ದಾಗ ತಿಪ್ಪೇರುದ್ರ ಬಂದು ನಿಂತ.

“ಓಬಕ್ಕ, ನಾಳೆಯೇ ಒಂದು ಕಟುವಾದ ಲೇಖನ…”

“ಬರಿಯಣ್ಣ, ಬರಿ. ನಾನೂ ಮೂವತ್ತು ವರ್ಷದಿಂದ ಬಗ್ತಾ ಇದೀನಿ, ಒಲೆ ಊದಕ್ಕೆ. ನಿನ್ನಷ್ಟು ಚೆಂದಾಗಿ ಒಂದಿನಾನೂ ಬಗ್ಗಕ್ಕೆ ಬರಲಿಲ್ಲ ನೋಡು.”

ಸೋಮವಾರ ಆ ಮುನ್ನೂರು ಮನೆಗಳಿಗೂ ಬ್ಯಾಂಕಿನಿಂದ ಒಂದೊಂದು ಓಲೆ ಬಂತು. ಓದು ಬಾರದವರು ಅದನ್ನು ತಿಪ್ಪೇರುದ್ರನಿಂದಲೇ ಓದಿಸಿಕೊಂಡರು. ಅವನು ಓದಿದ, ಈ ಸಲ ಪೂರ್ತಿಯಾಗಿ:

“ಸಾಹಿತಿ ತಿಪ್ಪೇರುದ್ರರ ಹಾರ, ಶಾಲು ಮತ್ತು ಪೇಟದ ವೆಚ್ಚವನ್ನು ತಮ್ಮ ಖಾತೆಯಿಂದ ಕಳೆಯಲಾಗಿದೆ. ಹೆಸರು, ಖಾತೆ ಸಂಖ್ಯೆ ಹಾಗೂ ಹೆಬ್ಬೆಟ್ಟಿನ ಒಪ್ಪಿಗೆಯನ್ನು ತಾವಾಗಿಯೇ ಮುಂಚಿತವಾಗಿ ತಲುಪಿಸಿ ಸಹಕರಿಸಿದ್ದಕ್ಕೆ ಧನ್ಯವಾದಗಳು.”