ಸ್ಪ್ರಿಂಗಣ್ಣನ ದಾಖಲೆ ಜಿಗಿತ

ಜಿಗಿಯುವ ಮೊದಲು ಮಂಡಿ ಎಷ್ಟು ಬಗ್ಗಿಸಬೇಕು ಎಂದು ಚಹಾದ ಹೊತ್ತಿನಲ್ಲಿ ಬಾಯಿತಪ್ಪಿ ಕೇಳಿದ್ದೇ ಸ್ಪ್ರಿಂಗಣ್ಣ ಮಾಡಿದ ತಪ್ಪು.

ಹೆಂಚಿನ ಕಾರ್ಖಾನೆಯ ವಾಲಿಬಾಲ್ ತಂಡಕ್ಕೆ ಸೇರಿದಾಗಿನಿಂದ ಅವನು ಒಂದು ಆಟವನ್ನೂ ಆಡಿರಲಿಲ್ಲ. ನೆಲ ಬಿಡುವ ಮುನ್ನ ಅವನ ಕಾಲುಗಳು ಬಹಳ ಯೋಚಿಸುತ್ತಿದ್ದವು. ಅದಕ್ಕೇ ಸಹೋದ್ಯೋಗಿಗಳು ಪ್ರೀತಿಯಿಂದ ಸ್ಪ್ರಿಂಗಣ್ಣ ಎಂದು ಹೆಸರಿಟ್ಟಿದ್ದರು. ಅಂದು ಸಂಜೆ ಜಿಗಿತದ ಪರೀಕ್ಷೆ. ಗೆದ್ದವನಿಗೆ ಮರುದಿನದ ಫೈನಲ್‌ನಲ್ಲಿ ಜಾಗ. "ಈ ಸಲಾನೂ ಆಡದಿದ್ರೆ ನಿಮ್ಮ ಆಟದ ಬನಿಯನ್ ನೆಲ ಒರೆಸೋಕೆ ತಗೋತೀನಿ" ಎಂದು ಹೆಂಡತಿ ಬೆಳಗ್ಗೆಯೇ ಹರಸಿ ಕಳಿಸಿದ್ದಳು.

"ಪೂರ್ತಿ ಕುಕ್ಕರಗಾಲಲ್ಲಿ ಕೂತ್ಕೊಳ್ಳಯ್ಯ. ಕೆಳಗೆ ಹೋದಷ್ಟೂ ಮೇಲೆ ಹೋಗ್ತೀಯ" ಎಂದ ಉಗ್ರಾಣದ ಮೇಲ್ವಿಚಾರಕ. ಈ ಮಹಾಶಯ ಕೊನೆಯ ಸಲ ಜಿಗಿದದ್ದು ಹಲ್ಲಿ ಮೈಮೇಲೆ ಬಿದ್ದಾಗ.

"ಅಯ್ಯೋ, ಬೇಡಪ್ಪ! ಅರ್ಧ ಬಗ್ಗಿ, ಕೈ ಹಿಂದಕ್ಕೆ ಬೀಸಬೇಕು" ಎಂದರು ಲೆಕ್ಕ ವಿಭಾಗದ ಮೇಡಂ, ಕುರ್ಚಿಯಿಂದ ಅಲುಗಾಡದೆ.

ಸ್ಪ್ರಿಂಗಣ್ಣ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಹೆಂಚಿನ ರಾಶಿಗಳ ನಡುವೆ ಇಡೀ ಮಧ್ಯಾಹ್ನ ಒಮ್ಮೆ ಮೇಲ್ವಿಚಾರಕನ ಮಾತಿನಂತೆ ಕೂತ, ಒಮ್ಮೆ ಮೇಡಂ ಮಾತಿನಂತೆ ಬಗ್ಗಿದ. ಪರೀಕ್ಷೆಗೆ ಇನ್ನೇನು ಹೊರಡಬೇಕು, ಸೊಂಟದಲ್ಲಿ 'ಕಟಕ್' ಎಂದಿತು. ಅರ್ಧಕ್ಕೆ ಸಿಕ್ಕಿಕೊಂಡ ಮಡಚುವ ಕುರ್ಚಿಯಂತೆ ಅಲ್ಲೇ ನಿಂತ. ಏಳಲಾರ, ಕೂರಲಾರ.

"ಆಹಾ, ಈಗ ನೋಡು ಸರಿಯಾಗಿ ನಿಂತಿದೀಯ!" ಎಂದರು ಮೇಡಂ.

ಅವರೂ ಮೇಲ್ವಿಚಾರಕನೂ ಸೇರಿ ಅವನನ್ನು ಹಾಗೇ ಮೈದಾನಕ್ಕೆ ಸಾಗಿಸಿದರು.

ಪರೀಕ್ಷೆ ಸರಳ. ಮೊದಲು ನಿಂತಲ್ಲೇ ಕೈಯೆತ್ತಿ ಗೋಡೆಗೆ ಸೀಮೆಸುಣ್ಣದ ಗುರುತು, ಆಮೇಲೆ ಜಿಗಿದು ಇನ್ನೊಂದು. ನಡುವಿನ ಅಂತರವೇ ಜಿಗಿತ. ಕೋಚ್ ಫೋನಿನಲ್ಲಿ ಮುಳುಗಿದ್ದರು. "ಹೂಂ, ಗುರುತು ಹಾಕು" ಎಂದರು, ತಲೆಯೆತ್ತದೆ. ಬಗ್ಗಿದ ಸ್ಪ್ರಿಂಗಣ್ಣನ ಕೈ ಉಳಿದವರ ಮೂಗಿನ ಮಟ್ಟಕ್ಕೆ ಬಂತು; ಮೊದಲ ಗುರುತು ಅಲ್ಲೇ ಬಿತ್ತು.

"ಜಿಗಿ!"

ದೇವರ ಮೇಲೆ ಭಾರ ಹಾಕಿ ಜಿಗಿದ. ಇನ್ನೊಂದು 'ಕಟಕ್'! ಸೊಂಟ ನೆಟ್ಟಗಾಯಿತು. ಕಾಲಿನಡಿ ಒಂದು ದಿನಪತ್ರಿಕೆ ತೂರಿಸಬಹುದಾದಷ್ಟು ಮೇಲೆ ಹೋಗಿ, ಗುರುತು ಹಾಕಿ ಇಳಿದ.

ಕೋಚ್ ಟೇಪು ಹಿಡಿದರು. ಕಣ್ಣುಜ್ಜಿಕೊಂಡು ಮತ್ತೆ ಹಿಡಿದರು. "ಎಂಬತ್ತೆರಡು ಸೆಂಟಿಮೀಟರ್! ಈ ಕಾರ್ಖಾನೆಯಲ್ಲಿ ಯಾರೂ ಇಷ್ಟು ಜಿಗಿದಿಲ್ಲ!"

"ಸಾರ್, ಅದು ನನ್ನ ಸೊಂಟ..."

"ಗೊತ್ತಯ್ಯ, ಎಲ್ಲಾ ಇರೋದೇ ಸೊಂಟದಲ್ಲಿ!"

"ನಾನು ಹೇಳಿಕೊಟ್ಟಿದ್ದು" ಎಂದ ಮೇಲ್ವಿಚಾರಕ. "ನೀವು ಹೇಳಿದ್ದು ಕುಕ್ಕರಗಾಲು. ಅರ್ಧ ಬಗ್ಗು ಅಂದಿದ್ದು ನಾನು" ಎಂದು ಮೇಡಂ ಅವನ ಮೇಲೆ ಏರಿಹೋದರು.

ಹುಡುಗರು ಸ್ಪ್ರಿಂಗಣ್ಣನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನ ಎದೆಯೂ ಉಬ್ಬಿತು. ಒಂದು ಆಟ ಆಡಿಬಿಡೋಣ, ಸತ್ಯವನ್ನು ನಾಡಿದ್ದು ನೋಡಿಕೊಂಡರಾಯಿತು ಎಂದುಕೊಂಡ.

"ಸಾರ್, ಹಾಗಾದ್ರೆ ನಾಳೆ ನಾನು ಎಲ್ಲಿ ನಿಲ್ಲಲಿ?"

"ನಿಲ್ಲೋದಾ? ಇಂಥ ಪ್ರತಿಭೆನ ಆಟಕ್ಕೆ ಇಳಿಸಿ ಕಾಲು ಮುರಿಸೋಕೆ ನನಗೇನು ತಲೆ ಕೆಟ್ಟಿದೆಯಾ? ಇವತ್ತಿಂದ ನೀನು ಜಿಗಿತದ ತರಬೇತುದಾರ. ನಾಳೆ ಬೆಂಚಲ್ಲಿ ನನ್ನ ಪಕ್ಕ ಕೂತ್ಕೊ, ಇನ್ಮೇಲೆ ಯಾವತ್ತೂ ಅಲ್ಲೇ ಕೂತ್ಕೊ!"

ಸ್ಪ್ರಿಂಗಣ್ಣ ಇದ್ದ ನಿಜವನ್ನೆಲ್ಲ ಹೇಳಿಬಿಡಲು ಬಾಯಿ ತೆರೆದ.

ಕೋಚ್ ಆ ಬಾಯಲ್ಲಿ ತರಬೇತುದಾರನ ಸೀಟಿ ಇಟ್ಟರು.