ಶಾವಂತ್ರವ್ವನ ಸಾರಿನ ಸಮರ

ಮನುಕುಲವು ಕಿವಿಗೆ ಇಯರ್‌ಫೋನನ್ನೂ ಕೈಗೆ ಮೊಬೈಲನ್ನೂ ಧರಿಸಿ ಸಂಚರಿಸುತ್ತಿದ್ದ ಮಹಾಕೋಲಾಹಲಯುಗದಲ್ಲಿ, ವಾಣಿಜ್ಯವಿಖ್ಯಾತವಾದ ಹುಬ್ಬಳ್ಳಿ ನಗರದ ಇಕ್ಕಟ್ಟಾದ ಸಂದಿಯೊಂದರಲ್ಲಿ, ಜೋಳಪಿಷ್ಟಧೂಸರಿತಹಸ್ತೆಯೂ, ತಪ್ತಹಂಚಿನ ಸಮ್ಮುಖದಲ್ಲಿ ನಿರ್ಭಯೆಯೂ, ಕ್ಷುಧಾಸುರಮರ್ದಿನಿಯೂ ಆದ ಶಾವಂತ್ರವ್ವ ತನ್ನ ಖಾನಾವಳಿಯನ್ನು ಆಳುತ್ತಿದ್ದಳು. ತಾಯಿ ವಾಗ್ದೇವಿಯೇ, ವೀಣೆಯನ್ನು ತುಸು ಪಕ್ಕಕ್ಕಿಡು. ಈ ಬಡ ಕಥಕನ ನಾಲಿಗೆಯ ಮೇಲೆ ಕುಳಿತು ಉಪ್ಪುಖಾರ ಸರಿನೋಡು. ಆ ವೀರಮಾತೆಯ ಕೋಪವನ್ನೂ ಕೋಪದ ಪತನವನ್ನೂ ಹೇಳಬೇಕಾಗಿದೆ.

ಆ ಖಾನಾವಳಿಯ ಮೇಲಿನ ಕೋಣೆಯಲ್ಲಿ ಮೌಲಾಲಿ ಎಂಬ ತರುಣ ಬಾಡಿಗೆಗಿದ್ದ. ಹಗಲು ಮೊಬೈಲ್ ರಿಪೇರಿ, ರಜೆಯ ದಿನ ರ್‍ಯಾಪ್. ವಾಯುವೇಗವಾಗ್ಬಾಣಪ್ರಯೋಗನಿಪುಣನಾದ ಅವನ ಒಂದೆರಡು ಹಾಡುಗಳು ಆಗಲೇ ಊರಿನ ಮೊಬೈಲುಗಳನ್ನು ಆಕ್ರಮಿಸಿದ್ದವು. ಶಾವಂತ್ರವ್ವನ ಕಿವಿಕೋಟೆ ಮಾತ್ರ ಅಭೇದ್ಯವಾಗಿತ್ತು.

"ಅಕ್ಕಾರ, ಈಗ ಎಲ್ಲಾ ಕಡೆ ಇದ ಐತ್ರೀ," ಎಂದು ಖಾನಾವಳಿಯ ಖಾಯಂ ಗಿರಾಕಿ, ಆಟೋ ಓಡಿಸುವ ಗುರುಸಿದ್ಧಪ್ಪ ಒಮ್ಮೆ ಸಂಧಾನಕ್ಕೆ ಯತ್ನಿಸಿದ್ದ.

"ರಾಗ ಇಲ್ಲ, ಏನಿಲ್ಲ. ನಳದ ಮುಂದ ಜಗಳ ಆಡಿದಂಗ ಕೇಳಸ್ತೈತಿ. ಹಾಡ ಅಂತೀಯೇನು ಇದಕ್ಕ?" ಎಂದು ಆಕೆ ಸಂಧಾನವನ್ನು ಹಂಚಿನ ಮೇಲೆಯೇ ಸುಟ್ಟಿದ್ದಳು.

ಹೀಗಿರಲು, ಒಂದು ಭಾನುವಾರ ಮಧ್ಯಾಹ್ನ ಮೌಲಾಲಿ ಹೊಸ ಹಾಡಿನ ಅಭ್ಯಾಸ ಮಾಡತೊಡಗಿದ. ಮೇಲಿನ ಹಲಗೆಗಳನ್ನು ಭೇದಿಸಿ ಎರಡೇ ಪದಗಳು ಮತ್ತೆ ಮತ್ತೆ ಕೆಳಗಿಳಿದವು: "ಸಾರು ಸಪ್ಪ, ಸಾರು ಸಪ್ಪ."

ಕೆಳಗೆ ಉಣ್ಣುತ್ತಿದ್ದವರ ಕೈಗಳು ಬಾಯಿಯ ದಾರಿಯಲ್ಲೇ ಸ್ತಂಭಿಸಿದವು. ಪ್ರಳಯಕಾಲದ ಮೇಘದಂತೆ ಕಪ್ಪಿಟ್ಟ ಮುಖದಿಂದ ಶಾವಂತ್ರವ್ವ ಗರ್ಜಿಸಿದಳು:

"ಈ ಹಂಚಿನ ಮುಂದ ಕುಂತು ನನ್ನ ಕೂದಲ ಬೆಳ್ಳಗಾಗ್ಯಾವು. ವಕೀಲರು ಉಂಡಾರ, ಲಾರಿ ಹೊಡಿಯಾವ್ರು ಉಂಡಾರ, ಬೀಗತನಕ್ಕ ಬಂದು ತಪ್ಪ ಹುಡುಕಾವ್ರೂ ಉಂಡಾರ. ಯಾರ ಬಾಯಾಗೂ ನನ್ನ ಸಾರು ಸಪ್ಪ ಅಂತ ಬಂದಿಲ್ಲ. ಇಂವ ಊರಿಗೆಲ್ಲಾ ಹಾಡಿ ಹೇಳ್ತಾನಂದ್ರ, ಇವತ್ತಿನಿಂದ ಅವಗ ಇಲ್ಲಿ ತಾಟ ಇಲ್ಲ."

ಅಷ್ಟರಲ್ಲಿ, ತನ್ನ ವಿಧಿಯನ್ನರಿಯದ ಮೌಲಾಲಿ ಹಸಿದು ಮೆಟ್ಟಿಲಿಳಿದು ಬಂದ. ಹೊಸ್ತಿಲಲ್ಲೇ ಶಾಪ ಎರಗಿತು. ಈ ಊರಿನಲ್ಲಿ ಅವನನ್ನು ಉಂಡೆಯಾ ಎಂದು ಕೇಳುತ್ತಿದ್ದುದು ಅದೊಂದೇ ಬಾಗಿಲು. ಅವನ ಮುಖ ಸಣ್ಣಗಾಯಿತು.

"ಅವ್ವಾರ, ನೀವು ಅರ್ಧಾ ಕೇಳೀರಿ. ಪೂರಾ ಕೇಳ್ರಿ. ಆಮ್ಯಾಲೂ ಹೋಗು ಅಂದ್ರ ಹೋಗ್ತೀನಿ."

"ಅನ್ನು. ನನ್ನ ಕೈಗಂತೂ ಪುರಸೊತ್ತಿಲ್ಲ," ಎಂದು ಆಕೆ ಹಿಟ್ಟಿನ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಳು.

ಮೌಲಾಲಿ ಸ್ಪೀಕರಿಲ್ಲದೆ, ಮೈಕಿಲ್ಲದೆ, ನಿರಾಯುಧನಾಗಿ ನಿಂತು ಆರಂಭಿಸಿದ:

"ಸಾರು ಸಪ್ಪ, ಊರು ಸಪ್ಪ, ಯಾರು ಕೇಳ್ತಾರಪ್ಪ,
ನಾನ ಮಾಡಿ ನಾನ ಉಂಡೆ, ಉಪ್ಪ ಮರ್ತ ತಪ್ಪ.
ಪಟಪಟ ಪಟಪಟ ಕೆಳಗ ರೊಟ್ಟಿ ಬಡಿಯೊ ಸದ್ದ,
ಹಸದ ಹೊಟ್ಟಿ ಇಳದು ಬಂತು ಮೆಟ್ಟಲನ್ನ ಒದ್ದ.
ಹೆಸರ ಕೇಳ್ಲಿಲ್ಲ, ಊರ ಕೇಳ್ಲಿಲ್ಲ, ಕುಂದರ ಅಂದ್ಲು ಅವ್ವ,
ಬಿಸಿ ರೊಟ್ಟಿ ತಾಟಿಗಿ ಬಿತ್ತು, ಕಣ್ಣ ತುಂಬಿತವ್ವ."

ಎರಡನೆಯ ಸಾಲಿನಲ್ಲಿ ಶಾವಂತ್ರವ್ವನ ಅಂಗೈ ತಡವರಿಸಿತು. ಮೂರನೆಯದರಲ್ಲಿ, ಒಡತಿಯ ಅಪ್ಪಣೆ ಕೇಳದೆ, ಶತ್ರುಪಕ್ಷವನ್ನು ಸೇರಿತು. ಪಟಪಟ ಎಂದು ಅವನು ನುಡಿದ ಕಡೆಯಲ್ಲೆಲ್ಲ ಅದು ಪಟಪಟ ಎಂದು ಬಡಿಯಿತು. ಉಣ್ಣುವವರ ತಲೆಗಳು ತೂಗಿದವು. ಹಾಡು ಮುಗಿದಾಗ ಹಂಚಿನ ಮೇಲೊಂದು ರೊಟ್ಟಿ ಹೊತ್ತಿ ಕರಕಾಗಿತ್ತು, ಅದನ್ನು ನೋಡಿದವರಿಲ್ಲ.

"ಆ ಸಪ್ಪನ ಸಾರು ನಿಂದಾ?" ಎಂದಳು ಶಾವಂತ್ರವ್ವ.

"ನಂದ ಅವ್ವಾರ. ಉಪ್ಪ ಹಾಕೂದ ಮರ್ತಿದ್ದೆ."

"ಹುಳಿ?"

"ಹುಳೀನೂ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆಯನ್ನು ಬೈದಳು. "ಕುಂದರ. ಉಂಡು ಇನ್ನೊಮ್ಮೆ ಅನ್ನು. ಅವಸರ ಮಾಡಬ್ಯಾಡ, ರೊಟ್ಟಿ ಅನ್ನೂ ಮಾತ ನುಂಗಿಬಿಡ್ತಿ."

ಹೀಗೆ ರಕ್ತಪಾತವಿಲ್ಲದೆ ಆ ಘೋರಸಮರ ಶಾಂತವಾಯಿತು. ದುರ್ಭೇದ್ಯವಾದ ಕಿವಿಕೋಟೆಯ ಮೇಲೆ ಹೊಸ ಯುಗದ ಪತಾಕೆ ಹಾರಿತು. ದಿಕ್ಪಾಲಕರು ನಿಟ್ಟುಸಿರಿಟ್ಟು ತಮ್ಮ ತಮ್ಮ ದಿಕ್ಕುಗಳಿಗೆ ಮರಳಿದರು.

ಮುಂದಿನ ಭಾನುವಾರ ಗುರುಸಿದ್ಧಪ್ಪ ತಾಟಿನ ಮುಂದೆ ಕುಳಿತು ಅತ್ತಿತ್ತ ನೋಡಿದ. ಮೇಲಿನ ಕೋಣೆಯಲ್ಲಿ ಅಭ್ಯಾಸ ನಡೆದಿತ್ತು.

"ಅಕ್ಕಾರ, ಕೆಂಪು ಚಟ್ನಿ ಇಲ್ಲೇನ್ರಿ?"

"ಮಿಕ್ಸರ್ ಹಚ್ಚಿದ್ರ ಹಾಡ ಕೇಳಸಂಗಿಲ್ಲ," ಎಂದಳು ಶಾವಂತ್ರವ್ವ. "ಸುಮ್ನ ಉಪ್ಪಿನಕಾಯಿ ಹಚ್ಚಿಕೊಂಡು ಉಣ್ಣು."