ಸಂಬಂಧದ ಕಟ್ಟೆ

ಆ ಕುರ್ಚಿಯ ಹಿಂದಿನ ಎಡಗಾಲು ಉಳಿದ ಮೂರು ಕಾಲುಗಳಿಗಿಂತ ಒಂದು ಬೆರಳಿನಷ್ಟು ಗಿಡ್ಡ. ಕೂತವರು ಕೊಂಚ ಹಿಂದಕ್ಕೆ ಒರಗಿದರೆ ಸಾಕು, 'ಟಕ್' ಎಂದು ಎಚ್ಚರಿಸುತ್ತಿತ್ತು. ಸಿಂದಗಿಯ ನಮ್ಮ ಹೆಣ್ಣುಮಕ್ಕಳ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರ ಕುರ್ಚಿ ಅದು. ಬಡಿಗ ತಾನಾಗಿಯೇ ಬಂದು, "ಒಂದ್ ತುಂಡ್ ಹಚ್ಚಿ ಕೊಡ್ತೇನ್ರಿ, ಪುಕ್ಕಟ" ಎಂದರೂ ಅಧ್ಯಕ್ಷರು ಒಪ್ಪಲಿಲ್ಲ.

"ಬ್ಯಾಡೋ ತಮ್ಮಾ! ಅಧ್ಯಕ್ಷ ಆದಾಂವ ಗಟ್ಟಿ ಕುಂತ್ರ ಏಳೂದು ಮರೀತಾನ."

ಆ ಅಧ್ಯಕ್ಷರು ನನ್ನ ಸೋದರಮಾವ. ಅವರಷ್ಟು ಪ್ರಾಮಾಣಿಕ ಮನುಷ್ಯರನ್ನು ನಾನು ಕಂಡಿಲ್ಲ. ಅವರಷ್ಟು ಪ್ರಾಮಾಣಿಕರಾದ ಇನ್ನೊಬ್ಬರನ್ನು ಕಾಣುವ ಆಸೆಯೂ ಇಲ್ಲ! ಒಂದು ಊರಿಗೆ ಅಂಥವರು ಒಬ್ಬರೇ ಸಾಕು. ಇಬ್ಬರಾದರೆ ಜನ ಗಂಟುಮೂಟೆ ಕಟ್ಟಿಕೊಂಡು ಇಂಡಿಗೆ ಗುಳೆ ಹೋಗಬೇಕಾದೀತು.

ಮಾಮಾ ಹುಟ್ಟಿದಾಗಿನಿಂದ ಹೀಗಿರಲಿಲ್ಲವಂತೆ. ಎಲ್ಲರಂತೆ ಜೋಳ, ತೊಗರಿ ಬೆಳೆದುಕೊಂಡು, ಸಂಜೆ ಎಲೆ-ಅಡಿಕೆ ಹಾಕಿಕೊಂಡು ಸುಖವಾಗಿದ್ದವರು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಸಂಘ-ಸಂಸ್ಥೆಗಳನ್ನು ನಡೆಸುವುದು ಹೇಗೆಂದು ಕಲಿಸುವ ಒಂದು ಶಿಬಿರಕ್ಕೆ ಯಾರೋ ಅವರನ್ನು ಧಾರವಾಡಕ್ಕೆ ಕಳಿಸಿದರು. ಧಾರವಾಡಕ್ಕೆ ಹೋದವರು ಪೇಡೆ ತರುತ್ತಾರೆ. ನಮ್ಮ ಮಾಮಾ ಕೋರಂ ತಂದರು!

ಕೋರಂ ಎಂದರೆ, ಸಭೆಗೆ ಇಷ್ಟು ಜನ ಇರಲೇಬೇಕು, ಇಲ್ಲದಿದ್ದರೆ ಅದು ಸಭೆಯೇ ಅಲ್ಲ ಎಂಬ ಲೆಕ್ಕ. ಶಾಲೆಯ ಮಂಡಳಿಯಲ್ಲಿ ಏಳು ಜನ; ನಾಲ್ವರಿದ್ದರೆ ಕೋರಂ. ಅಷ್ಟಕ್ಕೇ ನಿಂತಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಮಾಮಾ ಅದನ್ನು ಅಡಿಗೆಮನೆಯೊಳಗೂ ಕರೆತಂದರು. ಇವತ್ತು ಝುಣಕವೋ ಪುಂಡಿಪಲ್ಯವೋ ಎಂಬುದನ್ನು ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ನಮ್ಮ ಅಜ್ಜಿ ತಟಸ್ಥೆ. ಹಲ್ಲಿಲ್ಲದವಳಿಗೆ ಎರಡೂ ಒಂದೇ. ಉಳಿದವರ ಕೈ ಎತ್ತಿಸಿ ಎಣಿಸಿ ಮಾಮಾ ಸಾರಿದರು: "ಝುಣಕದ ಠರಾವು ಪಾಸಾತು!"

ಅತ್ತೆ ಒಲೆಯ ಮುಂದಿನಿಂದ ಎದ್ದು ಹಿಟ್ಟಿನ ಕೈ ಝಾಡಿಸಿದರು. "ಭಾಳ ಚಲೋ ಆತ್ರಿ. ಈಗ ರೊಟ್ಟಿ ಬಡಿಯೂದನ್ನ ಯಾರು ಸೂಚಸ್ತೀರಿ, ಯಾರು ಅನುಮೋದಸ್ತೀರಿ?"

ಅಂದಿನ ಸಭೆ ಅಲ್ಲಿಗೇ ಬರಖಾಸ್ತು!

ಇನ್ನು ಬಸ್ಸಿನ ಪ್ರಕರಣ. ಅದು ಗೊತ್ತಿಲ್ಲದವರು ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಶಾಲೆಯ ಸುತ್ತ ಗೋಡೆ ಕಟ್ಟಿಸುವ ಠರಾವು ಅಂದು ಆಗಲೇಬೇಕಿತ್ತು. ಬಟಾಬಯಲಿನಲ್ಲಿ ಕೂತ ಶಾಲೆಗೆ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಆದರೆ ಸಭೆಗೆ ಬಂದವರು ಮೂವರೇ. ನಾಲ್ಕನೆಯವರಾಗಿ ಬರಬೇಕಿದ್ದ ಸಾವಕಾರರು ಕಲಬುರ್ಗಿಯ ಬಸ್ಸು ಹತ್ತಿದ್ದಾರೆಂದು ತಿಳಿಯಿತು. ಸಾವಕಾರರದು ಕಾಳಿನ ಅಡತಿ ಅಂಗಡಿ. ಕೈ ಬಹಳ ಬಿಗಿ. ಮಾಮಾ ಉಳಿದಿಬ್ಬರನ್ನು ಎಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದರು. ಸಾವಕಾರರು ಕೊಟ್ಟ ರೊಕ್ಕದ ಟಿಕೆಟ್ಟು ಬಿಟ್ಟು ಇಳಿಯುವವರೇ? ಇಳಿಯಲಿಲ್ಲ. ಸರಿ, ಇವರು ಮೂವರೂ ಹತ್ತಿದರು! ಬಸ್ಸು ಊರು ದಾಟುವಷ್ಟರಲ್ಲಿ ಮಾಮಾ ಎದ್ದು ನಿಂತು ಸಭೆ ಆರಂಭವಾಗಿದೆಯೆಂದು ಘೋಷಿಸಿದರು. ಟಿಕೆಟ್ಟು ಹರಿಯಲು ಬಂದ ಕಂಡಕ್ಟರನಿಗೆ, "ನೀವು ಸದಸ್ಯರಲ್ಲ. ಠರಾವು ಆಗೂಮಟ ಸ್ವಲ್ಪ ಹೊರಗ ಹೋಗ್ರಿ" ಎಂದರು.

"ಯಜಮಾನ್ರ, ಬಸ್ಸು ಓಡಾಕತ್ತೈತ್ರಿ!"

"ಹೌದಲ್ಲಾ! ಹಂಗಾದ್ರ ಕಿವಿ ಮುಚ್ಚಿಕೋರಿ."

ಗೋಡೆಯ ಠರಾವು ಮೋರಟಗಿಯ ಹತ್ತಿರ ಪಾಸಾಯಿತು. ಮೂವರೂ ಅಲ್ಲೇ ಇಳಿದು ಒಂದು ಕಬ್ಬಿನ ಗಾಡಿಯ ಮೇಲೆ ಕೂತು ಊರಿಗೆ ಮರಳಿದರು. ಓಡುವ ಬಸ್ಸಿನಲ್ಲಿ ಹುಟ್ಟಿದ ಆ ಗೋಡೆ ಇಂದಿಗೂ ಒಂದಿಂಚು ಅಲುಗಿಲ್ಲ!

ಇದೆಲ್ಲವನ್ನೂ ಊರು ನಕ್ಕು ಸಹಿಸಿತು. ಸಹಿಸಲಾರದ್ದು ಇನ್ನೊಂದು ನಿಯಮ. ಮಂಡಳಿಯ ಮುಂದೆ ಬಂದ ವಿಷಯದಲ್ಲಿ ಯಾರಿಗಾದರೂ ಸಂಬಂಧವಿದ್ದರೆ, ಅವರು ಎದ್ದು ಹೋಗಿ ಶಾಲೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂಡಬೇಕು. ತೀರ್ಮಾನವಾದ ಮೇಲೆ ಒಳಗೆ ಬರಬೇಕು. ಗೋಡೆಯ ಕಲ್ಲು ಸಾವಕಾರರ ಅಳಿಯನ ಗಾಡಿಯಲ್ಲಿ ಬರುವುದೋ? ಸಾವಕಾರರು ಕಟ್ಟೆಗೆ! ಹುಡುಗಿಯರ ಸಮವಸ್ತ್ರದ ಬಟ್ಟೆ ಸಾಹೇಬರ ಅಂಗಡಿಯದೋ? ಸಾಹೇಬರು ಕಟ್ಟೆಗೆ! ಈ ಸಾಹೇಬರದು ಅಜ್ಜನ ಕಾಲದಿಂದ ಬಜಾರದಲ್ಲಿ ಬಟ್ಟೆಯ ಅಂಗಡಿ. ನಮ್ಮ ಮನೆಯ ಯಾವ ಮದುವೆಯ ಸೀರೆಯೂ ಬೇರೆ ಕಡೆಯಿಂದ ಬಂದದ್ದಿಲ್ಲ. ಅವರು ನಗುತ್ತಲೇ ಎದ್ದು ಹೋಗುತ್ತಿದ್ದರು. "ಅಧ್ಯಕ್ಷರ, ನಿಮ್ಮ ಸಭಾದಾಗ ಒಳಗಿನಕಿಂತ ಹೊರಗ ಗಾಳಿ ಚಲೋ ಐತ್ರಿ!"

ಸಾವಕಾರರು ಮಾತ್ರ ಗೊಣಗುತ್ತ ಹೋಗುತ್ತಿದ್ದರು. "ಸಂಬಂಧ ನೋಡಾಕ ಕುಂತ್ರ ಈ ಊರಾಗ ಯಾರಿಗೆ ಯಾರು ಸಂಬಂಧ ಇಲ್ರಿ?"

ಊರವರು ಅದಕ್ಕೆ 'ಸಂಬಂಧದ ಕಟ್ಟೆ' ಎಂದೇ ಹೆಸರಿಟ್ಟರು.

ಈಗ ನನ್ನ ವಿಷಯ, ಸ್ವಲ್ಪವೇ ಹೇಳುತ್ತೇನೆ. ನನ್ನ ದನಿ ಬಹಳ ಸಣ್ಣದು. ಚಿಕ್ಕವಳಿದ್ದಾಗ ಮಾಮಾ ನನ್ನಿಂದ ಪಾಠ ಓದಿಸುತ್ತ ತಾವು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಂಗಳದ ತುದಿ ಮುಟ್ಟಿ, ಕಿವಿಗೆ ಕೈ ಹಚ್ಚಿ ಕೂಗುತ್ತಿದ್ದರು: "ಗಟ್ಟಿ ಓದು! ಹಿಂದಿನ ಸಾಲಿಗೆ ಕೇಳವಲ್ದು!" ನಾನು ಕಲಿಯಲು ಧಾರವಾಡಕ್ಕೆ ಹೊರಟ ದಿನ, ಬಸ್ಸಿನ ಕಿಟಕಿಯ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದರು. "ಕಲ್ತು ಬಾ. ನೀ ಒಳಗ ಬಂದ ದಿನ ನಾ ಹೊರಗ!" ಕಟ್ಟೆಯ ಚಾಷ್ಟಿ ಎಂದು ಎಲ್ಲರೂ ನಕ್ಕೆವು. ಅತ್ತೆ ಮಾತ್ರ ನಗಲಿಲ್ಲ. ಅವರಿಗೆ ಬಿಸಿಲು ಹತ್ತಿರಬೇಕು ಎಂದುಕೊಂಡೆ.

ನಾನು ಬಿ.ಎ. ಮುಗಿಸಿ ಬಂದ ವರ್ಷ ಶಾಲೆಗೆ ಎಂಟನೆಯ ಇಯತ್ತೆ ಸೇರಿಸುವುದಿತ್ತು. ಏಳನೆಯದು ಮುಗಿಸಿದ ಹುಡುಗಿಯರ ತಂದೆತಾಯಿಯರದು ಒಂದೇ ಮಾತು: "ಹೆಣ್ಣು ಟೀಚರ್ ಇದ್ರ ಕಳಸ್ತೇವಿ. ಇಲ್ಲಾಂದ್ರ ಮನ್ಯಾಗ ಇರ್ತಾವು." ನನಗೂ ಅಪ್ಪ ಒಂದು ಗಡುವು ಕೊಟ್ಟಿದ್ದರು. ಶಾಲೆ ಸುರುವಾಗುವುದರೊಳಗೆ ನೌಕರಿ ಸಿಗದಿದ್ದರೆ ಮುದ್ದೇಬಿಹಾಳದ ವರನಿಗೆ 'ಹೂಂ' ಅನ್ನಬೇಕು. ವರನ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ. ನಾನು ಅವನನ್ನು ನೋಡಿಯೇ ಇರಲಿಲ್ಲ. ತಕರಾರು ಇದ್ದದ್ದು ಆ 'ಹೂಂ' ಬಗ್ಗೆ.

ನಾನು ಅರ್ಜಿ ಹಾಕಿದೆ. ಅಂದಿನಿಂದ ಮಾಮಾ ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದರು! ಹಾದಿಯಲ್ಲಿ ಎದುರಾದರೆ, "ಅರ್ಜಿದಾರರು ಆರಾಮ ಅದೀರಿ?" ಎಂದು ಕೇಳಿ ಮುಂದೆ ನಡೆಯುತ್ತಿದ್ದರು. ತನ್ನ ಅಣ್ಣನೇ ನನಗೆ 'ಅದೀರಿ' ಅನ್ನುವುದನ್ನು ಕೇಳಿ ಅವ್ವ ಎರಡು ದಿನ ಅವರ ಹೆಸರೆತ್ತಲಿಲ್ಲ.

ಸಭೆಗೆ ನನ್ನನ್ನು ಕರೆದು ಮೂಲೆಯ ಸ್ಟೂಲಿನ ಮೇಲೆ ಕೂಡಿಸಿದರು. ಎಂದೂ ಇಲ್ಲದ್ದು, ಏಳಕ್ಕೆ ಏಳೂ ಜನ ಹಾಜರು! ಮಾಮಾ ನನ್ನ ಹೆಸರು ಓದಿದರು. "ನಾ ಸೋದರಮಾವ" ಎಂದು ಎದ್ದರು. ಕುರ್ಚಿ 'ಟಕ್' ಎಂದಿತು. ಅವರು ಕಟ್ಟೆಗೆ ನಡೆದರು. ಇದು ಎಲ್ಲರೂ ನಿರೀಕ್ಷಿಸಿದ್ದೇ.

ನಿರೀಕ್ಷಿಸದಿದ್ದದ್ದು ಆಮೇಲೆ ನಡೆಯಿತು. ಸಾವಕಾರರು ಎದ್ದರು. "ಈಕಿ ಕಾಕಾನ ಮಗಳನ್ನ ನಮ್ಮ ಮನಿಗೆ ಮಾಡ್ಕೊಂಡೇವಿ. ನಾವು ಬೀಗರು. ನಾನೂ ಹೊರಗ!" ವರ್ಷಗಟ್ಟಲೆ ಕಟ್ಟೆಯ ಮೇಲೆ ಕೂತ ಸೇಡು ಅವರ ಮುಖದಲ್ಲಿ ಫಳಫಳ ಹೊಳೆಯುತ್ತಿತ್ತು. ಬಾಗೇವಾಡಿಯಿಂದ ಬಂದು ಇಲ್ಲಿಯೇ ನೆಲೆಸಿದ ಮುದಿ ಮಾಸ್ತರರು ಕೋಲೂರಿ ಎದ್ದರು. "ಈಕಿಗೆ ಅಕ್ಷರ ತಿದ್ದಿಸಿದಾಂವ ನಾ. ಮೊಮ್ಮಗಳಿದ್ಹಂಗ. ನಾನೂ ಹೊರಗ." ಕನ್ನೊಳ್ಳಿಯ ರೈತ ಸದಸ್ಯರಿಬ್ಬರು ಒಬ್ಬರನ್ನೊಬ್ಬರು ನೋಡಿದರು, ದೂರದ ಯಾವುದೋ ಅತ್ತಿಗೆಯನ್ನು ನೆನಪಿಗೆ ತಂದುಕೊಂಡು ಅವರೂ ಹೊರಟರು. ಉಳಿದವರು ಸಾಹೇಬರು ಮತ್ತು ಇಂಡಿಯಿಂದ ಬರುವ ವಕೀಲರು.

ಸಾಹೇಬರು ನನ್ನ ಕಡೆ ತಿರುಗಿದರು. "ಯವ್ವಾ, ನೀ ನನಗ ಏನಂತ ಕರೀತೀ?"

"ಕಾಕಾ ಅಂತೇನ್ರಿ."

"ಏನಂದಿ? ಕೇಳಲಿಲ್ಲ."

"ಕಾಕಾ!"

"ಕೇಳಿದ್ರ್ಯಾ ವಕೀಲರ? ಕಾಕಾ ಅಂದಮ್ಯಾಲೆ ಮುಗೀತು!" ಟೊಪ್ಪಿಗೆ ಸರಿಪಡಿಸಿಕೊಂಡು ಅವರೂ ಹೋದರು.

"ನಾ ಇಂಡಿಯಾಂವ. ನನಗೇನೂ ಸಂಬಂಧ ಇಲ್ಲ" ಎಂದು ವಕೀಲರು ಖಾಲಿ ಕೋಣೆಗೆ ಹೇಳಿದರು. "ಒಬ್ಬಾಂವನ ಕುಂತು ಏನ್ ಮಾಡ್ಲಿ?" ಎಂದು ಎದ್ದುಹೋದರು.

ಕೋಣೆಯಲ್ಲಿ ಉಳಿದದ್ದು ನಾನು, ಆ ಕುರ್ಚಿ. ನನಗೆ ನಗು ಬಂತು, ಅಳುವೂ ಬಂತು. ಯಾವುದಕ್ಕೂ ಕೋರಂ ಇರಲಿಲ್ಲ!

ಹೊರಗೆ ಮಾಮಾ ತಲೆಯ ಮೇಲೆ ಕೈಹೊತ್ತಿದ್ದರು. "ಕೋರಂ ಇಲ್ಲ! ಸಭಾ ರದ್ದು!"

"ಒಳಗ ಇಲ್ಲ ಖರೆ," ಎಂದರು ವಕೀಲರು, "ಇಲ್ಲಿ ಪೂರಾ ಐತಲ್ರಿ!"

"ಕಟ್ಟಿ ಮ್ಯಾಲೆ ಸಭಾ ಆಗೂದಿಲ್ಲ."

"ಬಸ್ಸಿನ್ಯಾಗ ಹೆಂಗ ಆತ್ರಿ?" ಎಂದು ಸಾವಕಾರರು ಕೇಳಿದರು. ಕಟ್ಟೆಗೆ ಕಟ್ಟೆಯೇ ನಕ್ಕಿತು; "ಸಂಬಂಧ ಇದ್ದವರು ಕೈ ಎತ್ತೂಹಂಗಿಲ್ಲ!" ಎಂದು ಮಾಮಾ ಎದ್ದು ಮನೆಯ ಹಾದಿ ಹಿಡಿದರು.

ಆದರೆ ನಗು ಕಟ್ಟೆಯ ಮೇಲೆಯೇ ಉಳಿಯಿತು. ಶಾಲೆ ಸುರುವಾಗಲು ವಾರವೂ ಇರಲಿಲ್ಲ. ಅತ್ತೆ ಗದರಿದರು: "ನೀವ ಮಾಡಿದ ನಿಯಮ. ನೀವ ತಿದ್ರಿ."

"ತಂಗಿ ಮಗಳು ಬಂದಾಳಂತ ತಿದ್ದಿದ್ರ ಅದು ನಿಯಮ ಅಲ್ಲ, ಲಗ್ನದ ಕಾಗದ!"

ಶಾಲೆ ಸುರುವಾಗುವ ಹಿಂದಿನ ದಿನ ಮತ್ತೆ ಸಭೆ ಕೂಡಿತು. ಮತ್ತೆ ಮೂಲೆಯಲ್ಲಿ ನಾನು. ಮಾಮಾ ಎದ್ದು ಕಟ್ಟೆಗೆ ಹೋದರು. ಅವರ ಕುರ್ಚಿಯಲ್ಲಿ ಮಾಸ್ತರರು ಕೂತರು. ವಕೀಲರು ಉಳಿದವರನ್ನು ಎದ್ದೇಳಗೊಡಲಿಲ್ಲ. "ಕುಂಡ್ರ್ರಿ! ನಿಯಮ ತಿದ್ದೂದು ಬ್ಯಾಡ. ಸಂಬಂಧ ಅಂದ್ರ ಏನಂತ ಅರ್ಥ ಹಚ್ಚೂಣು." ಅರ್ಥ ಹಚ್ಚುವುದು ಸುಲಭವೇ? ಒಬ್ಬರು ರಕ್ತವೆಂದರು, ಒಬ್ಬರು ಸೂತಕವೆಂದರು. ಕೊನೆಗೆ ಸಾಹೇಬರು ಕೆಮ್ಮಿದರು.

"ನಾ ಬಟ್ಟಿ ಮಾರಾಂವ. ನನಗ ತಿಳದದ್ದು ಹೇಳ್ತೇನಿ. ಆಕಿ ಲಗ್ನದಾಗ ಆಯೇರಿ ಮಾಡೂದು ಯಾರಿಗೆ ತಪ್ಪೂದಿಲ್ಲೋ, ಅವರಷ್ಟ ಸಂಬಂಧಿಕರು. ಉಳಿದದ್ದೆಲ್ಲಾ ಬಾಯಿ ಮಾತು."

ಆಯೇರಿ ಎಂದರೆ ಮದುವೆಯಲ್ಲಿ ಬಳಗದವರು ಹೆಣ್ಣಿಗೆ ಉಡಿಸುವ ಸೀರೆ-ಕುಪ್ಪಸ. ಮಾತು ಮುಗಿಯುವುದರೊಳಗೆ ಸಾವಕಾರರು ಕೈ ಎತ್ತಿದರು.

"ಹಂಗಾದ್ರ ನಾ ಸಂಬಂಧಿ ಅಲ್ರಿ! ಏನೂ ಅಲ್ಲ! ದೂರದಿಂದ ನೋಡಿದಾಂವ ಅಷ್ಟ!"

ಕೋಣೆ ನಕ್ಕು ನಕ್ಕು ಕುಸಿಯಿತು. ಮಾಸ್ತರರ ಕೆಳಗೆ ಕುರ್ಚಿ ಟಕಟಕ ಕುಣಿಯಿತು! ತಾವು ಆಶೀರ್ವಾದ ಮಾತ್ರ ಮಾಡುವವರೆಂದು ಅವರೂ ಸಂಬಂಧ ಕಳಚಿಕೊಂಡರು. ಕನ್ನೊಳ್ಳಿಯವರಿಗೆ ಆ ಅತ್ತಿಗೆ ಮರೆತೇಹೋದಳು. ಅಷ್ಟರಲ್ಲಿ ಸಾಹೇಬರೇ ಎದ್ದು ನಿಂತರು.

"ನೀವೆಲ್ಲಿಗೆ ಹೊಂಟ್ರಿ?" ಎಂದರು ವಕೀಲರು.

"ಹೊರಗ. ಈಕಿ ಲಗ್ನದ ಸೀರಿ ನನ್ನ ಕೈಲೆ ಆಯೇರಿ. ಯಾರು ಬ್ಯಾಡ ಅಂದ್ರೂ ಬಿಡಾಂವ ಅಲ್ಲ."

ಅವರು ಹೋಗಿ ಮಾಮಾನ ಪಕ್ಕ ಕೂತರು. ಒಳಗೆ ಐದು ಜನ, ಕೋರಂ ಭರ್ತಿ. ಪ್ರಶ್ನೆ ಕೇಳಿದರು, ಉತ್ತರ ಕೊಟ್ಟೆ. ಐದೂ ಕೈಗಳು ಮೇಲೆ ಹೋದವು. ನೌಕರಿ ನನ್ನದಾಯಿತು!

ಹೊರಗಿನವರನ್ನು ಕರೆದರು. ಮಾಸ್ತರರು ಕುರ್ಚಿ ಬಿಟ್ಟುಕೊಟ್ಟರು. ಮಾಮಾ ಕೂಡಲಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತೇ ಇದ್ದರು.

"ಇನ್ನೊಂದು ನಿಯಮ ಐತಿ," ಎಂದರು. "ಅಧ್ಯಕ್ಷನ ಬಳಗದವರು ಸಾಲ್ಯಾಗ ಪಗಾರದ ಮ್ಯಾಲೆ ಇರಬಾರದು. ಇಬ್ಬರಾಗ ಒಬ್ರು ಹೋಗಬೇಕು. ಆಕಿ ಇರ್ತಾಳ."

ಯಾರಿಗೂ ನಗು ಬರಲಿಲ್ಲ. ಸಾವಕಾರರೇ ಮೊದಲು ಮಾತಾಡಿದರು. "ಏನ್ರಿ ಇದು? ಓಣಿ ಓಣಿ ಅಡ್ಡಾಡಿ ಹುಡುಗ್ಯಾರನ್ನ ಕೂಡಿಸಿದವರು ನೀವು. ನಿಮ್ಮ ಸಾಲಿ ಐತ್ರಿ ಇದು!"

"ನಮ್ಮ ಸಾಲಿ ಅನ್ನೂಮಟ ಕುಂತಿದ್ನಿ. 'ನಿಮ್ಮ ಸಾಲಿ' ಅಂದ್ರಿ ನೋಡ್ರಿ, ಅದಕ್ಕ ಹೋಗಬೇಕು." ಮಾಸ್ತರರ ಕಡೆ ತಿರುಗಿ ಕುರ್ಚಿಯ ಬೆನ್ನು ತಟ್ಟಿದರು. "ಕಾಲು ಮಾತ್ರ ಹಚ್ಚಿಸಬ್ಯಾಡ್ರಿ."

ಆ ನಿಯಮ ಮಂಡಳಿ ಹುಟ್ಟಿದ ದಿನದ್ದು; ಉಳಿದವರು ಮರೆತೇಬಿಟ್ಟಿದ್ದರು. ಮಾಡಿದವರು ಮಾಮಾ. ನಾನು ಧಾರವಾಡದ ಬಸ್ಸು ಹತ್ತುವುದಕ್ಕೆ ಬಹಳ ಮೊದಲು. ಅತ್ತೆ ಅಂದು ಯಾಕೆ ನಗಲಿಲ್ಲವೆಂದು ನನಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಬೇಗ ಹೋದೆ. ಮಾಮಾ ಕಟ್ಟೆಯ ಮೇಲೆ ಕೂತಿದ್ದರು; ಹೊಸ ಅಂಗಿ ತೊಟ್ಟಿದ್ದರು. ಒಳಗೆ ಬನ್ನಿ ಎಂದೆ.

"ನಾ ಸದಸ್ಯ ಅಲ್ಲ" ಎಂದರು.

ಎಂಟನೆಯ ಇಯತ್ತೆಯ ಕೋಣೆಯಲ್ಲಿ ಬೇವಿನ ಕಟ್ಟೆಯ ಕಡೆ ಒಂದು ಕಿಟಕಿಯಿದೆ. ಧೂಳಿಗೆಂದು ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಅಗುಳಿ ತುಕ್ಕು ಹಿಡಿದಿತ್ತು. ಎರಡೂ ಕೈಯಿಂದ ಎಳೆದು ತೆರೆದೆ. ಹುಡುಗಿಯರು ಬಂದು ಕೂತರು. ನಾನು ಅವರ ಹೆಸರುಗಳನ್ನು ಒಂದೊಂದಾಗಿ ಕರೆದೆ, ಹಿಂದಿನ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ.